ನಾಲ್ಕು ತಿಂಗಳಿಗೆ ಐದು ಜೊತೆ ಪ್ಯಾಡು

ಅಚ್ಯುತ ರಾಯರ ವ್ಯಾನು ಬ್ರೇಕ್ ಪ್ಯಾಡುಗಳನ್ನು ಚಕ್ಕುಲಿಯಂತೆ ತಿನ್ನುತ್ತಿತ್ತು. ವರ್ಷವಾದರೂ ಬಾಳಬೇಕಾದ ಪ್ಯಾಡು ಮೂರು ವಾರದಲ್ಲಿ ಸವೆದು ಹಪ್ಪಳವಾಗುತ್ತಿತ್ತು. ಸೂರತ್ತಿನ ಕತಾರ್‌ಗಾಮಿನಿಂದ ಸೆಕೆಂಡ್ ಹ್ಯಾಂಡ್ ವ್ಯಾನು ತಂದು ನಾಲ್ಕು ತಿಂಗಳು. ಈಗ ಚಕ್ರದಲ್ಲಿದ್ದದ್ದು ಐದನೆಯ ಜೊತೆ.

ಮಣಿನಗರ ಸ್ಟೇಷನ್ನಿನ ಎದುರಿಗೆ ರಾಯರ ಉಡುಪಿ ಹೋಟೆಲು. ಅಂದು ವಡೋದರಾದ ಪಟ್ಟಾಭಿರಾಮರ ಮಗಳ ಸೀಮಂತ. ನೂರೈವತ್ತು ಜನರ ಊಟ ಹನ್ನೆರಡಕ್ಕೆ ಅಲ್ಲಿರಬೇಕು. ಹಿಂದೆ ಎರಡು ಸಲ ಬ್ರೇಕಿನ ದೆಸೆಯಿಂದ ರಾಯರ ಊಟ ಸಂಜೆ ತಿಂಡಿಯ ಹೊತ್ತಿಗೆ ತಲುಪಿತ್ತು. "ಬಸುರಿ ಹೆಂಗಸನ್ನ ಕಾಯಿಸಿದ್ರೆ ನಿಮ್ಮ ಮುಖ ನೋಡೋಲ್ಲ" ಎಂದು ಪಟ್ಟಾಭಿರಾಮರು ಫೋನಿನಲ್ಲಿ ಮೊದಲೇ ಹೇಳಿಬಿಟ್ಟಿದ್ದರು.

ಆದ್ದರಿಂದ ರಾಯರು ಮೆಕ್ಯಾನಿಕ್ ಕನುಭಾಯಿಯನ್ನೇ ವ್ಯಾನಿಗೆ ಹತ್ತಿಸಿಕೊಂಡರು. ಅವನ ಚೀಲದಲ್ಲಿ ಆರನೆಯ ಜೊತೆ ಪ್ಯಾಡು ಇತ್ತು. ಕನುಭಾಯಿಯ ತೀರ್ಪು ಎಂದೋ ಬಂದಾಗಿತ್ತು: "ಗಾಡಿ ಬರಾಬರ್ ಛೇ, ಸರಿಯಾಗೇ ಇದೆ, ಅಚ್ಯುತಭಾಯ್. ನಾನೊಬ್ಬನೇ ಓಡಿಸಿದರೆ ಹೂವಿನಂತೆ ಓಡ್ತದೆ. ನಿಮ್ಮ ಕಾಲಿನಲ್ಲೇ ದೋಷ. ಸದಾ ಬ್ರೇಕಿನ ಮೇಲೆ ಇಟ್ಟಿರ್ತೀರಿ."

"ಇಲ್ಲ ಮಾರಾಯಾ!" ಎಂದು ರಾಯರು ನಾಲ್ಕು ತಿಂಗಳಿಂದ ಆಣೆ ಹಾಕುತ್ತಿದ್ದರು. ನಂಬುವವರಿಲ್ಲ.

ಪಕ್ಕದ ಮನೆಯ ಅನಂತರಾಮ್ ಕರೆಯದೆಯೇ ಬಂದು ಹತ್ತಿದರು. ಮೈಸೂರಿನವರು, ರಾಕೆಟ್ಟಿನ ಸಂಶೋಧನೆಯ ಕಚೇರಿಯಲ್ಲಿ ಕೆಲಸ. ಕೈಯಲ್ಲಿ ನೋಟ್‌ಬುಕ್ಕು, ಟಾರ್ಚು. "ರಾಯರೇ, ಇದಕ್ಕೆ ಊಹೆ ಸಾಲದು. ವೀಕ್ಷಣೆ ಬೇಕು. ನಿಮ್ಮ ಪಾದದ ಮೇಲೆ ನನಗೊಂದು ಕಣ್ಣಿರತ್ತೆ."

ರಾಯರ ಹೆಂಡತಿ ಸುಶೀಲಾ ಎಂದಿನಂತೆ ಮುಂದಿನ ಸೀಟಿನಲ್ಲಿ ಕೂತರು. ಹಿಂದೆ ಸಾಂಬಾರಿನ ಕೊಳಗಗಳ ನಡುವೆ ವಿಜ್ಞಾನಿಯೂ ಮೆಕ್ಯಾನಿಕ್ಕೂ ಮಡಚಿ ಕೂತರು. ಎಂಟೂವರೆಗೆ ವ್ಯಾನು ಹೊರಟಿತು.

"ಇಕೊಳ್ಳಿ, ಲಾರಿ! ನಿಧಾನ!" ಎಂದರು ಸುಶೀಲಾ.

"ಅದು ನಿಂತ ಲಾರಿ."

"ನಿಂತದ್ದು ಹೊರಡ್ಲಿಕ್ಕೆ ಎಷ್ಟು ಹೊತ್ತು?"

ನಡಿಯಾದ್ ಬರುವಷ್ಟರಲ್ಲಿ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಹಿಂದಿನಿಂದ ಬಂದ ಸ್ಕೂಟರಿನವನು ಕಿಟಕಿಗೆ ಬಗ್ಗಿ, "ಬ್ರೇಕ್ ಲೈಟು ಹೊತ್ತಿಕೊಂಡೇ ಇದೆ!" ಎಂದು ಕೂಗಿ ಹೋದ.

"ಕಾಲು ತೆಗೀರಿ ರಾಯರೇ!" ಅನಂತರಾಮ್ ಕಿರುಚಿದರು.

"ತೆಗ್ದಿದ್ದೇನೆ ಮಾರಾಯ್ರೇ!"

ಗಾಡಿ ನಿಂತಿತು. ಕನುಭಾಯಿ ಇಳಿದು ಮುಂದಿನ ಎರಡೂ ಚಕ್ರಗಳಿಗೆ ಚೊಂಬಿನ ನೀರು ಚಿಮುಕಿಸಿದ. ಕಾದ ಕಾವಲಿಗೆ ಬಿದ್ದಂತೆ ಎರಡೂ ಕಡೆ ಚೊಂಯ್ ಎಂದಿತು. "ಒಂದೇ ಚಕ್ರ ಬಿಸಿಯಾಗಿದ್ದರೆ ಅದು ಹಿಡಿದುಕೊಂಡಿದೆ ಅನ್ನಬಹುದಿತ್ತು. ಎರಡೂ ಬಿಸಿ. ಅಂದರೆ ಯಾರೋ ಒತ್ತುತ್ತಿದ್ದಾರೆ."

ಮೂವರೂ ರಾಯರ ಬಲಗಾಲನ್ನು ನೋಡಿದರು. ಕೊಲೆ ಮಾಡಿದವನ ಕೈಯನ್ನು ನೋಡುವ ಹಾಗೆ.

ಚಕ್ರ ಆರಲು ಅರ್ಧ ಗಂಟೆ ಹೋಯಿತು. ಅನಂತರಾಮ್ ಸುಶೀಲಾರನ್ನು ಹಿಂದೆ ಕೂರಿಸಿ ತಾವು ಮುಂದೆ ಬಂದರು; ರಾಯರ ಪಾದಕ್ಕೆ ಟಾರ್ಚು ಹಿಡಿದು ಪದ್ಮಾಸನ ಹಾಕಿದರು. ಆಶ್ಚರ್ಯ! ವ್ಯಾನು ಬಾಣದಂತೆ ಹೋಯಿತು. ವಾಸನೆಯಿಲ್ಲ, ಬಿಸಿಯಿಲ್ಲ. ಆಣಂದಿನಲ್ಲಿ ಇಳಿದು ನೋಡಿದರೆ ಚಕ್ರ ತಣ್ಣಗೆ.

"ಸಿದ್ಧವಾಯ್ತು!" ಅನಂತರಾಮ್ ನೋಟ್‌ಬುಕ್ಕು ಮುಚ್ಚಿದರು. "ನೋಡೋರಿದ್ರೆ ಕಾಲು ಸಭ್ಯವಾಗಿರತ್ತೆ. ಇಲ್ದಿದ್ರೆ ಬ್ರೇಕ್ ಮೇಲೆ ಹತ್ತತ್ತೆ. ನಿಮಗೇ ತಿಳೀದೆ ನಡೆಯೋದು ಕಣ್ರೀ ಇದು."

ರಾಯರಿಗೆ ಅಳು ಬರುವುದೊಂದು ಬಾಕಿ. ತಮ್ಮ ಕಾಲನ್ನೇ ಅಪರಿಚಿತನಂತೆ ನೋಡಿಕೊಂಡರು. ಇಷ್ಟು ವರ್ಷ ದೇವಸ್ಥಾನಕ್ಕೂ ಅಂಗಡಿಗೂ ಹೊತ್ತೊಯ್ದ ಕಾಲು ಬೆನ್ನ ಹಿಂದೆ ಇಂಥ ಕೆಲಸ ಮಾಡೀತೆ?

ಸಾಂಬಾರಿನ ಘಾಟಿಗೆ ಸುಶೀಲಾರಿಗೆ ತಲೆ ಸುತ್ತಿತು. ಅವರು ಮತ್ತೆ ಮುಂದೆ ಬಂದು ಕೂತರು, ಅನಂತರಾಮ್ ಹಿಂದಕ್ಕೆ ಹೋದರು. ಗಂಟೆ ಹನ್ನೊಂದಾಗಿತ್ತು. ರಾಯರು ಕಾಲನ್ನು ಬ್ರೇಕಿನಿಂದ ಗೇಣು ದೂರವಿಟ್ಟು ಓಡಿಸಿದರು. ಆದರೂ ಸ್ವಲ್ಪ ಹೊತ್ತಿಗೆ ಗಾಡಿ ಭಾರವಾಯಿತು. ವಾಸನೆ ಬಂತು. ಆಮೇಲೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಕೀರಲು ಸದ್ದು.

"ಪ್ಯಾಡ್ ಖತಮ್!" ಎಂದ ಕನುಭಾಯಿ.

ಅಷ್ಟರಲ್ಲಿ ತಿರುವಿನಾಚೆ ರೈಲ್ವೆ ಗೇಟು ಕಾಣಿಸಿತು. ಗೇಟು ಬೀಳುತ್ತಿತ್ತು. ಎಡಗಡೆಯಿಂದ ರೈಲು ಕೂಗಿತು.

ರಾಯರು ಬ್ರೇಕು ಮೆಟ್ಟಿದರು. ಗಾಡಿ ಕಿರುಚಿತು, ನಿಲ್ಲಲಿಲ್ಲ. ಗೇರು ಇಳಿಸಿದರು, ಹ್ಯಾಂಡ್‌ಬ್ರೇಕು ಎಳೆದರು. ಗೇಟಿನ ಕೆಂಪು ಬಿಲ್ಲೆ ಹತ್ತಿರವಾಗುತ್ತ ದೋಸೆಯಷ್ಟಾಯಿತು, ಕಾವಲಿಯಷ್ಟಾಯಿತು. ಅನಂತರಾಮ್ ನೋಟ್‌ಬುಕ್ಕು ಬಿಸಾಡಿ ಕೊಳಗವನ್ನು ತಬ್ಬಿಕೊಂಡರು.

"ಅಯ್ಯೋ ಕೃಷ್ಣಾ!" ಸುಶೀಲಾ ಕಣ್ಣು ಮುಚ್ಚಿ ಎರಡೂ ಕಾಲುಗಳನ್ನು ನೆಲಕ್ಕೆ ಊರಿ ಬಲವಾಗಿ ತುಳಿದರು.

ಕಟಕ್ ಎಂದಿತು. ರಾಯರ ಕಾಲಡಿಯ ಪೆಡಲು ತಾನಾಗಿ ಪಾತಾಳಕ್ಕಿಳಿಯಿತು. ವ್ಯಾನು ಮುಗ್ಗರಿಸಿ, ಗೇಟಿಗೆ ಒಂದು ಗೇಣು ಮುಂಚೆ ನಿಂತಿತು. ರೈಲು ಧಡಧಡನೆ ಹಾದುಹೋಯಿತು.

ಕನುಭಾಯಿ ಮುಂದಕ್ಕೆ ಬಗ್ಗಿ ಸುಶೀಲಾರ ಪಾದವನ್ನೇ ನೋಡುತ್ತಿದ್ದ. ದಪ್ಪ ರಬ್ಬರ್ ಚಾಪೆ ಹರಿದು ಜಾರಿತ್ತು. ಅದರಡಿಯಲ್ಲಿ ಕಬ್ಬಿಣದ ಇನ್ನೊಂದು ಪೆಡಲು.

"ಅರೇ ಬಾಪ್ ರೇ! ಇದು ಡ್ರೈವಿಂಗ್ ಕಲಿಸುವ ಶಾಲೆಯ ಗಾಡಿ! ಈ ಪೆಡಲು ಪಕ್ಕದಲ್ಲಿ ಕೂರುವ ಮೇಷ್ಟ್ರ ಬ್ರೇಕು! ಬೆಹೆನ್‌ಜೀ, ನಿಮಗೆ ಹೆದರಿಕೆಯಾದಾಗಲೆಲ್ಲ ನೆಲ ಒತ್ತುತ್ತೀರಾ?"

"ಮತ್ತೆ? ಇವರು ಓಡಿಸುವಾಗ ಹೆದರಿಕೆ ಆಗದೆ ಇರ್ಲಿಕ್ಕುಂಟಾ?"

"ನೀನು ಇಷ್ಟು ದಿನ ನೋಡ್ಲಿಲ್ವಾ ಇದನ್ನ?" ರಾಯರು ಕನುಭಾಯಿಯ ಮೇಲೆ ಹರಿಹಾಯ್ದರು.

"ನಾನು ಚಕ್ರದ ಡಾಕ್ಟರು. ಚಾಪೆ ಯಾಕೆ ಎತ್ತಲಿ?"

ರಾಯರ ಎದೆ ಹಗುರಾಯಿತು. ಅವರ ಕಾಲು ನಿರಪರಾಧಿ! ಇಳಿದು ರಸ್ತೆಯ ಮೇಲೆ ಆ ಕಾಲಿನಲ್ಲೇ ಎರಡು ಸುತ್ತು ನಡೆದಾಡಿದರು. ಕನುಭಾಯಿ ಬೆವರು ಸುರಿಸಿ ಹೊಸ ಪ್ಯಾಡು ಹಾಕಿದ. "ಈಗ ಆ ದರಿದ್ರ ಪೆಡಲನ್ನೂ ಕಿತ್ತು ಬಿಸಾಡು," ಎಂದರು ರಾಯರು.

"ಮುಟ್ಟಿದ್ರೆ ಜಾಗ್ರತೆ!" ಸುಶೀಲಾ ಪೆಡಲಿನ ಮೇಲೆ ಕಾಲಿಟ್ಟು ಕೂತರು. "ಈಗ ಎಲ್ಲರ ಜೀವ ಉಳಿಸಿದ್ದು ಯಾರು? ನಾಲ್ಕು ತಿಂಗಳಿಂದ ಉಳಿಸ್ತಾ ಬಂದದ್ದು ಯಾರು?"

"ಅಮ್ಮಾವರು ಹೇಳೋದು ಸರಿ ಕಣ್ರೀ," ಎಂದರು ಅನಂತರಾಮ್. ಅವರ ಅಂಗಿಯಿಂದ ಸಾಂಬಾರು ತೊಟ್ಟಿಕ್ಕುತ್ತಿತ್ತು. "ರಾಕೆಟ್ಟಿಗೂ ಒಂದು ಕೈಕೊಟ್ರೆ ಇರ್ಲಿ ಅಂತ ಎರಡೆರಡು ಇಟ್ಟಿರ್ತೀವಿ."

ಊಟ ಹನ್ನೆರಡೂಕಾಲಿಗೆ ತಲುಪಿತು. ಕಾಲು ಗಂಟೆ ತಡವಾದರೂ ಪಟ್ಟಾಭಿರಾಮರು ಬೈಯಲಿಲ್ಲ. ಕತೆ ಕೇಳಿ ಸುಶೀಲಾರಿಗೆ ಬಾಗಿನ ಕೊಟ್ಟು ಕಳಿಸಿದರು. ಬಸುರಿ ಹುಡುಗಿ ಕೈಹಿಡಿದು, "ಅತ್ತೆ, ನಮ್ಮ ಮನೆಯವರ ಕಾರಿಗೂ ಇಂಥದ್ದು ಸಿಗತ್ತಾ?" ಎಂದು ಕೇಳಿದಳು.

ಸಂಜೆ ವ್ಯಾನು ಮಣಿನಗರದ ಕಡೆ ಹೊರಟಿತು. ಹತ್ತು ಮಾರು ಹೋದದ್ದೇ ಗಕ್ಕನೆ ನಿಂತಿತು. ರಾಯರ ಹಣೆ ಸ್ಟಿಯರಿಂಗಿಗೆ ಬಡಿಯಿತು.

"ಈಗ ಎಂಥದ್ದು?"

"ನಾಯಿ," ಎಂದರು ಸುಶೀಲಾ ಗಂಭೀರವಾಗಿ.

ರಾಯರು ತಲೆಯೆತ್ತಿ ನೋಡಿದರು. ನಾಯಿ ರಸ್ತೆಯಾಚೆಯ ಮನೆಯೊಂದರ ಜಗಲಿಯ ಮೇಲೆ ಗಾಢ ನಿದ್ದೆಯಲ್ಲಿತ್ತು.

ಹಿಂದಿನಿಂದ ಕನುಭಾಯಿಯ ದನಿ ಬಂತು: "ಏಳನೆಯ ಜೊತೆ ಇವತ್ತೇ ತರಿಸಿಡಲಾ, ಅಚ್ಯುತಭಾಯ್?"