ಎಡಗೈಗೆ ಕೆಲಸವಿಲ್ಲದ ಪೇಟಿ

ಒಂದು ಹಾರ್ಮೋನಿಯಂ ಬಾರಿಸಲು ಎಷ್ಟು ಜನ ಬೇಕು? ಲೋಕಕ್ಕೆಲ್ಲ ಒಬ್ಬರು ಸಾಕು. ತಿಕೋಟಾದ ಬಸಗೊಂಡಪ್ಪ ಮಾಸ್ತರರಿಗೆ ಮಾತ್ರ ಇಬ್ಬರು ಬೇಕಾಗಿತ್ತು. ಎರಡು ವರ್ಷದ ಹಿಂದೆ ಲಕ್ವಾ ಹೊಡೆದು ಅವರ ಎಡಗೈ ರಾಜೀನಾಮೆ ಕೊಟ್ಟಿತ್ತು. ಬಲಗೈಯ ಬೆರಳುಗಳು ಕರಿ-ಬಿಳಿ ಪಟ್ಟಿಗಳ ಮೇಲೆ ಮೊದಲಿನಂತೆಯೇ ಓಡಾಡುತ್ತಿದ್ದವು. ಆದರೆ ಪೇಟಿ ನುಡಿಯಬೇಕಾದರೆ ಹಿಂದಿನ ತಿದಿ ಒತ್ತಿ ಗಾಳಿ ಹಾಕಲು ಇನ್ನೊಂದು ಕೈ ಬೇಕಲ್ಲ? ಆ ಕೈ ಹೆಂಡತಿ ರೇಣುಕವ್ವನದಾಯಿತು. (ಮೂವತ್ತೆಂಟು ವರ್ಷದ ಸಂಸಾರಕ್ಕೆ ಗಾಳಿ ಹಾಕಿದ ಕೈ ಯಾರದು ಎಂಬ ಪ್ರಶ್ನೆಯನ್ನು ಮಾಸ್ತರರು ಅಲ್ಲಿಯವರೆಗೆ ಕೇಳಿಕೊಂಡಿರಲಿಲ್ಲ.)

ಮಾಸ್ತರರು ಹೊಟ್ಟೆಪಾಡಿಗೆ ಒಣದ್ರಾಕ್ಷಿ ಆರಿಸುವ ಶೆಡ್ಡಿನ ಮೇಸ್ತ್ರಿ, ಕೀರ್ತಿಗೆ ಭಜನಾ ಮೇಳದ ಪೇಟಿ ಮಾಸ್ತರ. ಮೇಳದಲ್ಲಿ ಹೆಂಗಸರು ಕೂಡ್ರುವ ರೂಢಿ ಇರಲಿಲ್ಲ. ಮೇಳ ಅವರ ಪಡಸಾಲೆಯಲ್ಲೇ ತಾಲೀಮು ನಡೆಸುತ್ತಿತ್ತು, ರೇಣುಕವ್ವ ಬಾಗಿಲ ಹಿಂದೆ ಚಹಾ ಕುದಿಸುತ್ತಿದ್ದಳು. ಈಗ ಗಾಳಿಯ ನೆಪದಲ್ಲಿ ಆಕೆ ಸೋಮವಾರಕ್ಕೊಮ್ಮೆ ಬಸವಣ್ಣನ ಗುಡಿಯಲ್ಲಿ, ನಟ್ಟನಡುವೆ, ಗಂಡನ ಎಡಮಗ್ಗುಲಿಗೆ ಬಂದು ಕೂಡ್ರುತ್ತಿದ್ದಳು. ಆವತ್ತು ಮಧ್ಯಾಹ್ನವೇ ಇಳಕಲ್ ಸೀರೆ ಪೆಟ್ಟಿಗೆಯಿಂದ ಹೊರಗೆ ಬರುತ್ತಿತ್ತು.

ಕೂತ ಮೇಲೆ ಇಬ್ಬರದೂ ನಡೆದೇ ಇರುತ್ತಿತ್ತು.

"ಗಾಳಿ ಸಾಲವಲ್ದು."

"ಗಾಳಿ ಬೇಕಾದಷ್ಟ ಐತ್ರಿ. ನಿಮ್ಮ ಬೆರಳ ಸಾಲವಲ್ವು."

ಇದಲ್ಲದೆ ತಿದಿಯ ಬುಸುಬುಸು ಸದ್ದಿನ ಜೊತೆಗೆ ಆಕೆ ಏನನ್ನೋ ಗೊಣಗುತ್ತಲೇ ಇರುತ್ತಿದ್ದಳು. ಗೊಣಗದ ಹೆಂಡತಿ ಯಾರ ಮನೆಯಲ್ಲಿದ್ದಾಳೆ? ಮಾಸ್ತರರು ಅದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. (ಹಾಗೆಂದು ಅವರೇ ತಿಳಿದಿದ್ದರು.)

ಎಲ್ಲ ಕೆಟ್ಟಿದ್ದು ಬಬಲೇಶ್ವರದಲ್ಲಿ. ಒಂದು ಹೊಸ ಮನೆಯ ವಾಸ್ತುಶಾಂತಿಗೆ ಮೇಳ ಹೋಗಿತ್ತು. ಊಟದ ಪಂಕ್ತಿಯಲ್ಲಿ ಯಾರೋ ಒಬ್ಬ ಹೋಳಿಗೆಗೆ ತುಪ್ಪ ಸುರಿದುಕೊಳ್ಳುತ್ತ, "ಮಾಸ್ತರದು ಬರೇ ಬೆರಳಪಾ. ಉಸರೆಲ್ಲಾ ಹೇಂತೀದು," ಅಂದ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಹೆಂಗಸರ ಸಾಲಿನಲ್ಲಿದ್ದ ರೇಣುಕವ್ವ ಎಲ್ಲರಿಗಿಂತ ಜೋರಾಗಿ ನಕ್ಕಳು. ಮಾಸ್ತರರ ಗಂಟಲಲ್ಲಿ ಹೋಳಿಗೆ ಅಲ್ಲೇ ಧರಣಿ ಕೂತಿತು. ತಿರುಗಿ ಬರುವ ಬಸ್ಸಿನಲ್ಲಿಯೇ ಅವರು ಭೀಷ್ಮಪ್ರತಿಜ್ಞೆ ಮಾಡಿದರು: ಕೀಬೋರ್ಡ್ ಕೊಳ್ಳಬೇಕು. ಅದಕ್ಕೆ ಗಾಳಿಯೂ ಬೇಡ, ಗಾಳಿ ಹಾಕುವವರೂ ಬೇಡ.

ಮನೆಯಲ್ಲಿ ಮಾತ್ರ ಅದಕ್ಕೆ ಬೇರೆ ಬಣ್ಣ ಬಳಿದು ಹೇಳಿದರು. "ನಿನ್ನ ರಟ್ಟಿ ನೋಯತಾವಲ್ಲ, ಅದಕ್ಕ."

"ನನ್ನ ರಟ್ಟಿ ನೋಯತಾವಂತ ನಾ ಯಾವಾಗ ಹೇಳೇನಿ?"

"ಎಲ್ಲಾ ಬಾಯಿಬಿಟ್ಟ ಹೇಳಬೇಕೇನು? ಗಂಡಗ ಅಷ್ಟೂ ತಿಳಿಯಂಗಿಲ್ಲ?"

ರೇಣುಕವ್ವ ಗಂಡನ ಮುಖವನ್ನೊಮ್ಮೆ ನೋಡಿ, ಜೋಳ ಹಸನು ಮಾಡುವುದನ್ನು ಮುಂದುವರಿಸಿದಳು.

ವಿಜಯಪುರದ ಸಿದ್ಧೇಶ್ವರ ಗುಡಿಯ ಹತ್ತಿರದ ಓಣಿಯಲ್ಲಿ ಯುನುಸನ ವಾದ್ಯದ ಅಂಗಡಿ. ಶ್ರುತಿ ತಾಳೆ ನೋಡಬೇಕು ಎಂದು ಮಾಸ್ತರರು ಹಳೆಯ ಪೇಟಿಯನ್ನೂ ಹೊರಡಿಸಿದ್ದರು. ಬಸ್ಸಿನಲ್ಲಿ ಅದು ರೇಣುಕವ್ವನ ತೊಡೆಯ ಮೇಲೆ ಕೂತು ಬಂತು. ಗುಂಡಿ ಬಂದಾಗಲೆಲ್ಲ ಆಕೆ ಅದನ್ನು ಎದೆಗವಚಿ ಹಿಡಿಯುತ್ತಿದ್ದಳು.

"ಕಾಕಾ, ಇದು ನಲವತ್ತೊಂಬತ್ತ ಪಟ್ಟೀದು, ಸಣ್ಣ ಹುಡುಗ್ರದು," ಎಂದು ಯುನುಸ ಶುರುಮಾಡಿದ. "ಇದು ಅರವತ್ತೊಂದು. ಮೊದಲನೇ ಸಲ ತಗೊಳ್ಳೋರು ಇದನ್ನ ತಗೋಬೇಕ್ರಿ. ಮೆತ್ತಗ ಒತ್ತಿದ್ರ ಮೆತ್ತಗ ನುಡೀತೈತಿ, ಜೋರ ಒತ್ತಿದ್ರ ಜೋರ."

"ಜೋರ ಒತ್ತಿದ್ರೂ ಮೆತ್ತಗ ನುಡಿಯೋ ಒಂದ ಜೀವ ನಮ್ಮನ್ಯಾಗ ಐತಿ," ಅಂದಳು ರೇಣುಕವ್ವ. "ಅದಕ್ಕ ಎಷ್ಟ ಕಿಮ್ಮತ್ತಪಾ?"

ಮಾಸ್ತರರು ಕೇಳಿಸದವರಂತೆ ಒಂದು ಗುಂಡಿ ಒತ್ತಿದರು. ಕೀಬೋರ್ಡು ನಾಯಿಯಂತೆ ಬೊಗಳಿತು. ಅಂಗಡಿಯ ಮುಂದೆ ಮಲಗಿದ್ದ ನಿಜವಾದ ನಾಯಿ ಎದ್ದು ನಿಂತು ಉತ್ತರ ಕೊಟ್ಟಿತು. ಇನ್ನೊಂದು ಗುಂಡಿಗೆ ಹೆಲಿಕಾಪ್ಟರ್ ಬಂತು, ಮತ್ತೊಂದಕ್ಕೆ ಸಮುದ್ರ. ಐದು ನೂರು ನಾದಗಳಂತೆ! ಅರವತ್ತೆರಡರ ಮಾಸ್ತರರ ಮುಖ ಜಾತ್ರೆಯಲ್ಲಿ ಪೀಪಿ ಸಿಕ್ಕ ಕೂಸಿನ ಹಾಗೆ ಅರಳಿತು.

ರೇಣುಕವ್ವನಿಗೆ ಯಾವುದೂ ಸರಿಬರಲಿಲ್ಲ. ಸಣ್ಣದರ ಪಟ್ಟಿ ಇಕ್ಕಟ್ಟು. ಮಾಸ್ತರರ ಒಂದು ಬೆರಳಿಗೆ ಎರಡು ಸ್ವರ ಏಳುತ್ತವೆ. ದೊಡ್ಡದರ ಹಾರ್ಮೋನಿಯಂ ನಾದಕ್ಕೆ ನೆಗಡಿಯಾಗಿದೆ.

"ಮಳಿಗಾಲದಾಗ ಉಬ್ಬತೈತೇನು ಇದು?"

"ಪ್ಲಾಸ್ಟಿಕ್ರಿ ಅವ್ವಾರ. ಉಬ್ಬಂಗಿಲ್ಲ, ಕುಗ್ಗಂಗಿಲ್ಲ."

"ಅಂದ್ರ ಜೀವಾನ ಇಲ್ಲಂತಾತು."

"ನೀ ಸುಮ್ನಿರಲೇ," ಅಂದರು ಮಾಸ್ತರರು. "ಎತ್ತಿನ ಬಾಯಾಗಿನ ಹಲ್ಲ ಎಣಿಸಿದಂಗ ಎಣಸಾಕತ್ತೀಯಲ್ಲ."

ರೇಣುಕವ್ವ ಸುಮ್ಮನಿರಲಿಲ್ಲ. ದೊಡ್ಡ ಕೀಬೋರ್ಡಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಹಿಂದೆ ಬಗ್ಗಿ ನೋಡಿ, "ಗಾಳಿ ಎಲ್ಲಿಂದ ಬರತೈತಪಾ?" ಎಂದು ಕೇಳಿದಳು.

"ಗಾಳೀನ ಬ್ಯಾಡ್ರಿ. ಕರೆಂಟ್ ಮ್ಯಾಲ ನಡೀತೈತಿ."

"ಹಂಗಾದ್ರ ಎಡಗೈಗೆ?"

"ಕಾಕಾರ ಬಾರಸೋ ಪದ್ಧತಿಗೆ ಎಡಗೈಗೆ ಕೆಲಸಾನ ಇಲ್ರಿ."

ಆ ಮಾತಿಗೆ ರೇಣುಕವ್ವ ಕೀಬೋರ್ಡ್ ಬಿಟ್ಟು ಹಳೆಯ ಪೇಟಿಯ ಕಡೆ ಸರಿದಳು. ಅಂತೂ ಗೆದ್ದೆ ಎಂದುಕೊಂಡ ಮಾಸ್ತರರು ಅದೇ ಹುರುಪಿನಲ್ಲಿ, "ಹಳೇ ಪೇಟಿ ನೀನ ಇಟಗೊ, ಅಷ್ಟ ಕಡಿಮಿ ಮಾಡು," ಎಂದುಬಿಟ್ಟರು. ಮನೆಯಲ್ಲಿ ಈ ಮಾತು ಎದ್ದಿರಲಿಲ್ಲ. ರೇಣುಕವ್ವ ಜಗಳ ತೆಗೆಯಬೇಕಿತ್ತು, ತೆಗೆಯಲಿಲ್ಲ. ತಿದಿಯ ಮೇಲೆ ಅಂಗೈ ತಾಗಿ ತಾಗಿ ಬಣ್ಣ ಹೋದ ಜಾಗವನ್ನು ಸೆರಗಿನಿಂದ ಒರೆಸಿ, ಪೇಟಿಯನ್ನು ಯುನುಸನ ಮುಂದೆ ಇಟ್ಟಳು.

"ತಿದಿಗೆ ಒಂದ ಸಣ್ಣ ತೂತ ಐತಿ, ಅರಿವಿ ಅಂಟಿಸೇನಿ. ತಗೊಂಡೋರಿಗೆ ಹೇಳಪಾ, ಜೋರ ಒತ್ತಬ್ಯಾಡ್ರಿ ಅಂತ."

ಬರುವಾಗ ಉದ್ದನೆಯ ಡಬ್ಬ ಬಸ್ಸಿನ ನಡುವೆ ಅಡ್ಡ ಮಲಗಿತು. ಕಂಡಕ್ಟರ್ ಅದಕ್ಕೂ ಟಿಕೇಟ್ ಕೇಳಿದ. "ನನ್ನ ಟಿಕೇಟ ಅದಕ್ಕ ಹರೀರಿ, ಮುಂದ ಬೇಕಾದದ್ದು ಅದ," ಎಂದು ರೇಣುಕವ್ವ ಕಿಟಕಿಯ ಕಡೆ ತಿರುಗಿದಳು. ಖಾಲಿ ತೊಡೆಯ ಮೇಲೆ ಎರಡೂ ಕೈ ಇಟ್ಟುಕೊಂಡು, ದ್ರಾಕ್ಷಿ ತೋಟಗಳನ್ನು ನೋಡುತ್ತ ಊರು ಮುಟ್ಟಿದಳು. ಮಾಸ್ತರರಿಗೆ ಅದೂ ತಮಾಷೆಯಾಗಿಯೇ ಕಂಡಿತು.

ಸೋಮವಾರ ಬಂತು. ಇಳಕಲ್ ಸೀರೆ ಪೆಟ್ಟಿಗೆಯಲ್ಲೇ ಉಳಿಯಿತು. "ನೀ ಆರಾಮ ಮನ್ಯಾಗ ಇರು," ಎಂದು ಉಪಕಾರ ಮಾಡಿದ ದನಿಯಲ್ಲಿ ಹೇಳಿ, ಪಕ್ಕದ ಮನೆಯವರ ಹೆಗಲ ಮೇಲೆ ಡಬ್ಬ ಹೊರಿಸಿಕೊಂಡು ಮಾಸ್ತರರು ಗುಡಿಗೆ ದಯಮಾಡಿಸಿದರು. ಮೇಳದ ಮುಖ್ಯ ಹಾಡುಗಾರ ಸಿದ್ದರಾಮ ಕೀಬೋರ್ಡನ್ನು ನೋಡಿ ಕೈಮುಗಿದ. ತಬಲಾದ ಮಲಂಗಸಾಬ ಅಂಜುತ್ತಲೇ ಅದನ್ನು ಮುಟ್ಟಿ ನೋಡಿ ಬೆರಳು ಹಿಂತೆಗೆದ. ಗುಡಿಯ ಮೇಲಿನ ಧ್ವನಿವರ್ಧಕ ಎಂದಿನಂತೆ ಇಡೀ ಊರಿಗೆ ಕೇಳುವ ಹಾಗೆ ಹಾಡತೊಡಗಿತು.

ಮೊದಲನೆಯ ಪದ ಬಹಳ ಚೆಂದ ಬಂತು. ಮಾಸ್ತರರು ಗತ್ತಿನಿಂದ ನಿಲ್ಲಿಸಿ, ಎರಡನೆಯದನ್ನು ಎತ್ತಿಕೊಳ್ಳಲು ಬೆರಳು ಇಟ್ಟರು.

ಯಾವುದು ಎರಡನೆಯದು?

ನಲವತ್ತು ವರ್ಷ ಬಾರಿಸಿದ ಪದ. ರಾಗ ಯಾವುದು, ಎಲ್ಲಿಂದ ಏಳುತ್ತದೆ? ಏನೂ ಇಲ್ಲ. ತಲೆಯೊಳಗೆ ಗುಡಿಸಿ ಸಾರಿಸಿದ ಹಾಗೆ ಖಾಲಿ. ಪದ ಎತ್ತಿಕೊಡುವುದು ಪೇಟಿಯ ಕೆಲಸವೆಂದು ಸಿದ್ದರಾಮ ಸ್ವರಕ್ಕಾಗಿ ಕಾದ. ಮಲಂಗಸಾಬನ ಕೈ ಗಾಳಿಯಲ್ಲಿ ನಿಂತಿತು. ಮಾಸ್ತರರು ರೂಢಿಯಂತೆ ಎಡಕ್ಕೆ ತಿರುಗಿದರು. ಅಲ್ಲಿ ಕಂಬವಿತ್ತು. ಗಾಬರಿಯಲ್ಲಿ ಬೆರಳು ಯಾವುದೋ ಗುಂಡಿಯ ಮೇಲೆ ಬಿತ್ತು, ಕೀಬೋರ್ಡು ತನ್ನ ಹೊಟ್ಟೆಯಲ್ಲಿದ್ದ ಡಿಸ್ಕೋ ಕುಣಿತವನ್ನೆಲ್ಲ ಬಸವಣ್ಣನ ಮುಂದೆ ಕಕ್ಕಿಬಿಟ್ಟಿತು. ಮಲಂಗಸಾಬನ ಕೈ ಪಾಪ, ತಾಳ ಕಂಡರೆ ಬಿಡದ ಕೈ. ಅದೂ ನಾಲ್ಕು ಪೆಟ್ಟು ಕೂಡಿಕೊಂಡಿತು. ಯಾರೋ ವೈರು ಕಿತ್ತ ಮೇಲೆಯೇ ಗುಡಿಗೆ ಶಾಂತಿ ಸಿಕ್ಕಿತು. ನಗು ಮಾತ್ರ ಬಹಳ ಹೊತ್ತಾದರೂ ನಿಲ್ಲಲಿಲ್ಲ.

ಮನೆಗೆ ಬಂದಾಗ ರೇಣುಕವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

"ಕೇಳಿಸ್ತೇನು?" ಮಾಸ್ತರರು ಬಾಗಿಲಲ್ಲೇ ನಿಂತು ಕೇಳಿದರು.

"ಊರಿಗೇ ಕೇಳೇತಿ."

"ಎರಡನೇ ಪದ ನೆನಪಾಗಲಿಲ್ಲ."

"ನಾ ಹೇಳಿದ್ನಲ್ರಿ."

"ಎಲ್ಲೆ ಹೇಳಿದಿ?"

"ಇಲ್ಲೇ, ಒಲಿ ಮುಂದ ಕುಂತು. 'ಮಣ್ಣಿನ ಕೊಡಕ ನೀರಿನ ಹಂಗು' ಅಂತ ಮೂರ ಸಲ ಹೇಳಿದೆ." ಆಕೆ ರೊಟ್ಟಿ ತಿರುವಿದಳು. "ನಿಮಗ ಕೇಳಸಲಿಲ್ಲ."

ಮಾಸ್ತರರು ಹೊಸ್ತಿಲ ಮೇಲೆ ಕೂತರು. ಎರಡು ವರ್ಷದ ಗೊಣಗಾಟವೆಲ್ಲ ಈಗ ಒಂದೊಂದಾಗಿ ಅವರ ಕಿವಿಗೆ ಬಂತು. ಬುಸುಬುಸು ಗಾಳಿಯೊಳಗಿಂದ, ಪ್ರತಿ ಪದ ಮುಗಿಯುವಷ್ಟರಲ್ಲಿ, ಮುಂದಿನ ಪದದ ಮೊದಲ ಸಾಲು.

"ದವಾಖಾನಿಯಿಂದ ಬಂದಾಗಿಂದ ನೀವು ಒಂದ ಪದಾ ಮುಗಿಸಿ ಇನ್ನೊಂದಕ್ಕ ತಡವರಸ್ತಿದ್ರಿ," ಅಂದಳು ರೇಣುಕವ್ವ. "ಮಂದಿಗೆ ಗೊತ್ತಾಗಬಾರದಂತ ಗಾಳಿ ಸಪ್ಪಳದಾಗ ಹೇಳತಿದ್ದೆ."

"ನನಗರ ಹೇಳಬೇಕಿಲ್ಲೇನ?"

"ಹೇಳಿದ್ರ ನೀವು ಪೇಟಿ ಮುಟ್ಟತಿದ್ರೇನು?"

ಮುಟ್ಟುತ್ತಿರಲಿಲ್ಲ. ಅದು ಮಾಸ್ತರರಿಗೂ ಗೊತ್ತಿತ್ತು. ಅವತ್ತು ಅವರು ಅತ್ತರು. ಅರವತ್ತೆರಡು ವರ್ಷದ ಗಂಡಸು ತನಗಾಗಿ ಅತ್ತನೋ, ಕೊಟ್ಟು ಬಂದ ಪೇಟಿಗಾಗಿ ಅತ್ತನೋ, ಕಿಟಕಿಯ ಕಡೆ ತಿರುಗಿ ಕೂತು ಬಂದ ಹೆಂಡತಿಗಾಗಿ ಅತ್ತನೋ, ಅವರಿಗೇ ಹೇಳಲು ಬರುತ್ತಿರಲಿಲ್ಲ.

ಮರುದಿನ ಮೊದಲ ಬಸ್ಸಿಗೆ ವಿಜಯಪುರಕ್ಕೆ ಓಡಿದರು. "ಆ ಪೇಟಿ ಮೂರ ದಿನದಾಗ ಹೋತ್ರಿ ಕಾಕಾ," ಅಂದ ಯುನುಸ. "ಸೊಲ್ಲಾಪುರ ಕಡೆಯವ್ರು ಒಯ್ದರು. ಅವ್ವಾರ ಹೇಳಿದ್ದು ಹೇಳೇನಿ, ಜೋರ ಒತ್ತಬ್ಯಾಡ್ರಿ ಅಂತ."

ಬರಿಗೈಯಲ್ಲಿ ಬಂದ ಮಾಸ್ತರರು ಹೆಂಡತಿಗೆ, "ಬರೂ ಸೋಮವಾರ ನೀ ಬಾ," ಅಂದರು. ಮೂವತ್ತೆಂಟು ವರ್ಷದಲ್ಲಿ ಅವರು ಕೇಳಿಕೊಂಡ ಮೊದಲ ಮಾತು ಅದು, ಉಳಿದವೆಲ್ಲ ಅಪ್ಪಣೆ.

"ಯಾವ ಕೆಲಸಕ್ಕ ಬರಲಿ? ಗಂಡಸರ ನಡುವ ಸುಮ್ನ ಕುಂದರಾಕ ನಾ ಏನ್ ಗಣಪತೇನು?" ಎಂದು ಶುರುಮಾಡಿದ ರೇಣುಕವ್ವನ ದನಿ ನಡುವೆಯೇ ಒಡೆಯಿತು. "ಬಾಗಲ ಹಿಂದ ನಿಂತ ಕೇಳಿದ ಪದಾ, ಎರಡ ವರ್ಷ ಒಳಗ ಕುಂತ ಕೇಳಿದೆ. ಗಾಳಿ ಹಾಕಾಕ ಬರತಾಳಂತ ಮಂದಿ ತಿಳಕೊಂಡ್ರು. ತಿಳಕೊಳ್ಳಲಿ. ನೀವೂ ಹಂಗ ತಿಳಕೊಂಡ್ರಲ್ಲ."

ಆಮೇಲೆ ಒಂದು ವಾರ ಮಾಸ್ತರರು ಊರಲ್ಲಿ ಸುಳ್ಳು ಹಂಚುತ್ತ ತಿರುಗಿದರು. ಒಬ್ಬನೇ ಬಾರಿಸಬೇಕೆಂದು ಅಷ್ಟು ಖರ್ಚು ಮಾಡಿದ ಮನುಷ್ಯ ಚಹಾದಂಗಡಿಯಲ್ಲಿ, ಶೆಡ್ಡಿನಲ್ಲಿ, ಸಿಕ್ಕಸಿಕ್ಕವರಿಗೆ, "ಭಾರೀ ಮಷಿನ್ರಿ ಅದು, ಒಬ್ಬರ ಕೈಲೆ ಆಗಂಗಿಲ್ಲ, ಇಬ್ಬರ ಬೇಕ," ಎಂದು ಭಾಷಣ ಮಾಡಿದರು. ಸಿದ್ದರಾಮನೇ ಮನೆಗೆ ಬಂದು, "ವೈನಿ, ನೀವ ಬರಬೇಕಂತ," ಎಂದು ಕರೆದ. ರೇಣುಕವ್ವ ಪೆಟ್ಟಿಗೆಯ ಬೀಗ ತೆಗೆದಳು.

ಸೋಮವಾರ ಆಕೆ ಎಡಮಗ್ಗುಲಿಗೆ ಕೂತಳು. ಧ್ವನಿ ಏರಿಸಿ ಇಳಿಸುವ ಗುಂಡಿಯನ್ನು ತಿರುವುವುದೇ ಆಕೆಯ ಕೆಲಸ ಎಂದು ಮಾಸ್ತರರು ಮೇಳಕ್ಕೆಲ್ಲ ಘೋಷಿಸಿದರು. ಮೊದಲನೆಯ ಪದ ಮುಗಿಯಿತು. ಮಾಸ್ತರರ ತಲೆ ಖಾಲಿಯಾಯಿತು. ಆದರೆ ಈ ಸಲ ಹೆದರಿಕೆ ಇರಲಿಲ್ಲ, ಎಡಕ್ಕೆ ಹೊರಳಿದರು.

"ಮರ್ತ್ರೇನು? ಮಣ್ಣಿನ ಕೊಡಕ ನೀರಿನ ಹಂಗು, ಅದ."

ಬುಸುಬುಸು ಎನ್ನುವ ತಿದಿ ಈಗ ಇರಲಿಲ್ಲ. ಗಾಳಿಯ ಮರೆಯಿಲ್ಲದ ಆ ಪಿಸುಮಾತು ಮೈಕಿನೊಳಗೆ ನೇರವಾಗಿ ಹೋಗಿ, ಗುಡಿಯ ನೆತ್ತಿಯಿಂದ ತಿಕೋಟಾದ ಓಣಿ ಓಣಿಗೆ ಕೇಳಿತು. ಎರಡು ವರ್ಷ ಮುಚ್ಚಿಟ್ಟಿದ್ದು ಒಂದು ಉಸಿರಿನಲ್ಲಿ ಊರಿಗೆ ಗೊತ್ತಾಯಿತು. ರೇಣುಕವ್ವ ಬಾಯಿಗೆ ಸೆರಗು ಒತ್ತಿಕೊಂಡು ಎದ್ದಳು.

ಮಾಸ್ತರರಿಗೆ ಇದ್ದದ್ದು ಒಂದೇ ಕೈ. ಅದನ್ನು ಕೀಬೋರ್ಡಿನಿಂದ ತೆಗೆದು ಹೆಂಡತಿಯ ಕೈ ಹಿಡಿದರು.

"ಹೌದ್ರಿ," ಎಂದು ಮೈಕಿನ ಮುಂದೆಯೇ ಹೇಳಿದರು. "ನನಗ ನೆನಪ ಹೋಗೇತಿ. ಎರಡ ವರ್ಷಾತು. ಬಬಲೇಶ್ವರದಾಗ ಅಂದದ್ದು ಖರೆ ಐತಿ. ಬೆರಳಷ್ಟ ನನ್ನವು."

ಯಾರೂ ನಗಲಿಲ್ಲ. ಮಲಂಗಸಾಬ ತಲೆ ತಗ್ಗಿಸಿ, ಸರಿಯಿದ್ದ ತಬಲಾವನ್ನೇ ಮತ್ತೆ ಸರಿಮಾಡತೊಡಗಿದ.

"ಕೈ ಬಿಡ್ರಿ," ಎಂದಿತು ಧ್ವನಿವರ್ಧಕ, ರೇಣುಕವ್ವನ ದನಿಯಲ್ಲಿ. "ಬಾರಸ್ರಿ, ಮಂದಿ ಕಾಯಾಕತ್ತೇತಿ."

ಆಕೆ ಕೂತಳು. ಸಿದ್ದರಾಮ ಪದ ಎತ್ತಿಕೊಂಡ. ಗುಂಡಿ ತಿರುವಬೇಕೆಂಬುದು ರೇಣುಕವ್ವನಿಗೆ ಮರೆತೇ ಹೋಯಿತು. ಕೀಬೋರ್ಡಿನ ಹಿಂದೆ, ಏನೂ ಇಲ್ಲದ ಜಾಗದಲ್ಲಿ, ಆಕೆಯ ಕೈ ಮುಂದೆ ಹಿಂದೆ, ಮುಂದೆ ಹಿಂದೆ ಒತ್ತುತ್ತಲೇ ಇತ್ತು. ಮಾಸ್ತರರು ಈ ಸಲ ಪಟ್ಟಿಯನ್ನು ನೋಡಲಿಲ್ಲ, ಆ ಕೈಯನ್ನೇ ನೋಡಿದರು. ಅದು ನಿಂತಲ್ಲಿ ಬೆರಳು ನಿಲ್ಲಿಸಿದರು.