ಸುಮ್ಮನೆ ಮಂಗಳೂರಿಗೆ

ನಮ್ಮ ಕಡೆಯವರಿಗೆ ಮಂಗಳೂರು ಒಂದು ಊರಲ್ಲ, ಒಂದು ಕಾಯಿಲೆ. ಗುರುವಾಯನಕೆರೆಯ ಬಸ್‌ಸ್ಟಾಪಿನಲ್ಲಿ ನಿಂತು "ಮಂಗಳೂರಿಗೆ" ಎಂದರೆ ಸಾಕು, ಕೇಳಿದವರ ಮುಖ ತಾನಾಗಿ ಬಾಡುತ್ತದೆ. "ಯಾರು ಅಡ್ಮಿಟ್?" ಎಂಬ ಪ್ರಶ್ನೆ ಬರುತ್ತದೆ. ಹಾಗೆ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಇಪ್ಪತ್ತಾರು ವರ್ಷಗಳಿಂದ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಕರಾವಳಿಯ ಸೊಬಗನ್ನು ಪಾಠ ಮಾಡುತ್ತಿರುವ ನಾನೇ ಎಷ್ಟು ಸಲ ಮಂಗಳೂರಿಗೆ ಹೋಗಿದ್ದೇನೋ ಲೆಕ್ಕವಿಲ್ಲ. ಹೋದಾಗಲೆಲ್ಲ ಒಂದೋ ಆಸ್ಪತ್ರೆ, ಇಲ್ಲವೇ ಆಸ್ಪತ್ರೆಯಲ್ಲಿದ್ದವರಿಗೆ ಗಂಜಿ. ಯಾವ ಆಸ್ಪತ್ರೆಯ ಲಿಫ್ಟು ಮೂರನೆಯ ಮಹಡಿಯಲ್ಲಿ ಮುನಿಸಿಕೊಂಡು ನಿಲ್ಲುತ್ತದೆ, ಯಾವ ಕ್ಯಾಂಟೀನಿನ ಚಟ್ನಿಗೆ ಉಪ್ಪು ಜಾಸ್ತಿ, ಯಾವ ಸ್ಕ್ಯಾನಿಂಗ್ ಸೆಂಟರಿನಲ್ಲಿ ಫ್ಯಾನಿನ ಕೆಳಗಿನ ಕುರ್ಚಿ ಹಿಡಿಯಬೇಕಾದರೆ ಎಷ್ಟು ಗಂಟೆಗೆ ತಲುಪಬೇಕು, ಇದೆಲ್ಲ ನನಗೆ ಕಂಠಪಾಠ. ಸಮುದ್ರ ಯಾವ ದಿಕ್ಕಿಗೆ ಎಂದು ಕೇಳಿದರೆ ಮಾತ್ರ ಒಂದು ಕ್ಷಣ ಯೋಚಿಸಬೇಕು.

ಈ ನಾಚಿಕೆಗೇಡು ಬಯಲಾದದ್ದು ಕಳೆದ ದಸರಾ ರಜೆಯಲ್ಲಿ. ಪೇಟೆಯ ಹೋಟೆಲಿನಲ್ಲಿ ನಾನು ಬನ್ಸ್ ಕಟ್ಟಿಸಿಕೊಳ್ಳುತ್ತಿದ್ದಾಗ ಪಕ್ಕದ ಮೇಜಿನಲ್ಲಿ ವಿಜಯಪುರದ ಕಡೆಯ ಒಂದು ಸಂಸಾರ ಕೂತಿತ್ತು. ಸುತ್ತಲಿನ ದೇವಸ್ಥಾನ, ಬಸದಿಗಳನ್ನು ನೋಡಿ ಮಂಗಳೂರಿಗೆ ಹೊರಟವರು. ಯಜಮಾನರು ನನ್ನನ್ನು ನೋಡಿ ಬಹಳ ಗೌರವದಿಂದ, "ಮೇಡಂ, ಮಂಗಳೂರಾಗ ನೋಡೂವಂಥಾದ್ದು ಏನೇನೈತ್ರಿ?" ಎಂದು ಕೇಳಿದರು. ನಾನು ಬಾಯಿ ತೆರೆದೆ. ಬಂದ ಉತ್ತರ ಇದು: "ಅಲ್ಲಿ ಒಳ್ಳೊಳ್ಳೆಯ ಆಸ್ಪತ್ರೆಗಳು ಉಂಟು." ಅವರು ಹೆಂಡತಿಯನ್ನೊಮ್ಮೆ, ಮಕ್ಕಳನ್ನೊಮ್ಮೆ ನೋಡಿ, "ನಾವು ಎಲ್ಲಾರೂ ಆರಾಮ ಅದೀವ್ರೀ" ಎಂದರು. ಬನ್ಸ್ ಬಿಟ್ಟು ಓಡಿಹೋಗಬೇಕೆನಿಸಿತು. ಆದರೆ ಆಗಲೇ ಕಟ್ಟಿಯಾಗಿತ್ತು.

ಮನೆಗೆ ಬಂದು ಈ ಕತೆ ಹೇಳಿದಾಗ ನನ್ನ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗದೆ ಇದ್ದದ್ದು ಮಾಮಿ. ಮಾಮಿ ಎಂದರೆ ನನ್ನ ಅತ್ತೆ. ತುಳುವಿನಲ್ಲಿ ಹಾಗೆಯೇ ಕರೆಯುವುದು. ಎಪ್ಪತ್ತೆಂಟು ವರ್ಷ, ಊರಿಗೆಲ್ಲ ಗಿರಿಜಕ್ಕ. ಅವರು ಬನ್ಸ್ ಮುರಿಯುತ್ತಾ ತಣ್ಣಗೆ, "ನಾನೂ ಸಮುದ್ರ ನೋಡ್ಲಿಲ್ಲ" ಎಂದರು. ನಮಗೆ ನಂಬಿಕೆಯಾಗಲಿಲ್ಲ. ಸಮುದ್ರದಿಂದ ಎರಡು ಗಂಟೆಯ ಬಸ್ಸಿನ ದೂರದಲ್ಲಿ ಹುಟ್ಟಿ ಬೆಳೆದು, ದಿನಾ ಅದರ ಮೀನು ತಿಂದವರು! ಆಮೇಲೆ ಮಾಮಿಯೇ ಬಿಡಿಸಿ ಹೇಳಿದರು. ಮಾವನವರು ಕೊನೆಯ ಸಲ ಮಂಗಳೂರಿನ ಆಸ್ಪತ್ರೆಯಲ್ಲಿದ್ದದ್ದು ಐದನೆಯ ಮಹಡಿಯಲ್ಲಿ, ಕಿಟಕಿಯ ಬದಿಯ ಹಾಸಿಗೆ. ಎರಡು ಕಟ್ಟಡಗಳ ನಡುವೆ ಒಂದು ಚೂರು ಸಮುದ್ರ ಕಾಣುತ್ತಿತ್ತಂತೆ. "ನೋಡು, ಅಲ್ಲಿ ಕಾಣ್ತದೆ" ಎಂದು ಅವರು ದಿನಾ ತೋರಿಸುವುದು. ಎರಡೂ ಕಣ್ಣಿಗೆ ಪೊರೆ ಬಂದಿದ್ದ ಮಾಮಿ "ಹೌದು, ಹೌದು" ಎನ್ನುವುದು. ಇವರಿಗೆ ಕಂಡದ್ದು ಬರೀ ಬಿಳಿ. "ಡಿಸ್ಚಾರ್ಜ್ ಆದ ದಿನ ಹೋಗಿಯೇ ಬರುವ" ಎಂದಿದ್ದರು ಮಾವ. ಅವರು ವಾಪಸು ಬಂದದ್ದು ಆಂಬುಲೆನ್ಸಿನಲ್ಲಿ. ಅದು ಸಮುದ್ರದ ದಾರಿಯಲ್ಲಿ ಹೋಗುವುದಿಲ್ಲ.

ಅದಾದ ಮೇಲೆ ಮಾಮಿಯ ಎರಡೂ ಕಣ್ಣಿನ ಆಪರೇಶನ್ ಆಯಿತು. ಕರೆದುಕೊಂಡು ಹೋದವಳು ನಾನೇ. ಪ್ರತಿ ಸಲವೂ "ಬರುವಾಗ ಸಮುದ್ರ ನೋಡಿಕೊಂಡೇ ಬರುವ ಮಾಮಿ" ಎನ್ನುವುದು, ಪ್ರತಿ ಸಲವೂ ಡಾಕ್ಟರರು ತಡ ಮಾಡುವುದು, ಇಲ್ಲವೇ ಮಳೆ ಬರುವುದು, ಇಲ್ಲವೇ ನನಗೆ ಉತ್ತರಪತ್ರಿಕೆಗಳ ರಾಶಿ ನೆನಪಾಗುವುದು. "ಕಣ್ಣು ಬಂತು, ಸಮುದ್ರ ಬರ್ಲಿಲ್ಲ" ಎಂದರು ಮಾಮಿ, ದೂರುವ ಧ್ವನಿಯೂ ಅಲ್ಲ, ಸುಮ್ಮನೆ ಪಂಚಾಂಗ ಓದಿದ ಹಾಗೆ. ಅದೇ ನನಗೆ ನಾಟಿದ್ದು. ಬರುವ ಶನಿವಾರ ನಾವಿಬ್ಬರೂ ಮಂಗಳೂರಿಗೆ ಹೋಗುವುದು, ಯಾವ ಕೆಲಸವೂ ಇಲ್ಲದೆ ಹೋಗುವುದು, ಪ್ರಾಣ ಹೋದರೂ ಹೋಗುವುದು ಎಂದು ಘೋಷಿಸಿದೆ.

ಪ್ರಾಣಕ್ಕಿಂತ ಮೊದಲು ನನ್ನ ಹಟಕ್ಕೆ ಕುತ್ತು ಬಂತು. ಕೆಲಸವಿಲ್ಲದೆ ಮಂಗಳೂರಿಗೆ ಹೋಗುವವರನ್ನು ಕಂಡರೆ ಮನೆಯವರಿಗೆ ತಡೆಯುವುದಿಲ್ಲ. ಗಂಡ, "ಹೇಗೂ ಹೋಗ್ತೀಯಲ್ಲ, ಮಿಕ್ಸಿಯ ಜಾರು ರಿಪೇರಿಗೆ ಕೊಟ್ಟು ಬಾ" ಎಂದರು. ಪಕ್ಕದ ಮನೆಯ ನಫೀಸಕ್ಕ ಒಂದು ರವಕೆಯ ಅಳತೆ ತಂದರು. ಮಾಮಿಯೇ, "ಹಾಗೇ ಕಣ್ಣಿನ ಡಾಕ್ಟ್ರಿಗೊಮ್ಮೆ ಮುಖ ತೋರಿಸಿ ಬಂದರೆ ಎಂತ?" ಎಂದು ರಾಗ ಎಳೆದರು. ಎಲ್ಲವನ್ನೂ ಖಡಾಖಂಡಿತವಾಗಿ ನಿರಾಕರಿಸಿದೆ. ಒಂದೇ ಒಂದು ಕೆಲಸ ಒಳಗೆ ನುಸುಳಿದರೂ ಪ್ರವಾಸ ಹೋಗಿ ಅಲೆದಾಟವಾಗುತ್ತದೆಂದು ನನಗೆ ಗೊತ್ತು. ನನ್ನ ಬಳಿ ಪಾಠಯೋಜನೆಯೇ ಸಿದ್ಧವಿತ್ತು: ದೋಣಿ, ಸಮುದ್ರ, ಮೀನೂಟ, ಐಸ್‌ಕ್ರೀಮು. ನಡುನಡುವೆ ಕೂತುಕೊಳ್ಳುವುದು.

ಶನಿವಾರ ಬೆಳಿಗ್ಗೆ ಬಸ್‌ಸ್ಟಾಪಿಗೆ ಬಂದಾಗ ನೋಡುತ್ತೇನೆ, ಮಾಮಿಯ ಕಂಕುಳಲ್ಲಿ ಎಕ್ಸ್‌ರೇಯ ದೊಡ್ಡ ಕವರು! "ಇದು ಯಾಕೆ ಮಾಮಿ?" ಎಂದರೆ, "ಮಂಗಳೂರಿಗೆ ಬರೀ ಕೈಯಲ್ಲಿ ಹೇಗೆ ಹೋಗುವುದು? ಏನೋ ಮರೆತ ಹಾಗೆ ಆಗ್ತದೆ. ಅಲ್ಲಿ ಹೊಯಿಗೆಯಲ್ಲಿ ಹಾಸಿ ಕೂತುಕೊಳ್ಳಲಿಕ್ಕೂ ಆಗ್ತದೆ" ಎಂದರು. ಅಷ್ಟರಲ್ಲಿ ಸ್ಟಾಪಿನ ಪಕ್ಕದ ಗೂಡಂಗಡಿಯ ಶೀನಣ್ಣನ ಕಣ್ಣು ಕವರಿನ ಮೇಲೆ ಬಿತ್ತು.

"ಎಂತ ಟೀಚರೇ, ಗಿರಿಜಕ್ಕನಿಗೆ ಹುಷಾರಿಲ್ವಾ?"

"ಹುಷಾರಿದ್ದಾರೆ ಶೀನಣ್ಣ. ನಾವು ಸುಮ್ಮನೆ ಹೋಗ್ತಾ ಇದ್ದೇವೆ. ಸಮುದ್ರ ನೋಡ್ಲಿಕ್ಕೆ."

ಶೀನಣ್ಣ ಕವರನ್ನು ನೋಡಿದ, ಮಾಮಿಯನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ಧ್ವನಿ ತಗ್ಗಿಸಿ, "ಆಯ್ತು ಟೀಚರೇ. ನಾನು ಯಾರಿಗೂ ಹೇಳುವುದಿಲ್ಲ" ಎಂದ.

ಶೀನಣ್ಣ ಯಾರಿಗೂ ಹೇಳುವುದಿಲ್ಲ ಎಂದರೆ ಏನರ್ಥವೆಂದು ಊರಿಗೇ ಗೊತ್ತು. ಬಸ್ಸು ಬಂಟ್ವಾಳ ದಾಟುವಷ್ಟರಲ್ಲಿ ನನ್ನ ಫೋನು ಎರಡು ಸಲ ಬಡಿದುಕೊಂಡಿತು. ನಾನು ಹಟದಿಂದ ಕಿಟಕಿಯ ಹೊರಗೆ ನೇತ್ರಾವತಿಯನ್ನೇ ನೋಡುತ್ತಾ ಕೂತೆ.

ಸುಲ್ತಾನ್ ಬತ್ತೇರಿಯಲ್ಲಿ ಹೊಳೆ ದಾಟಿ ತಣ್ಣೀರುಬಾವಿಗೆ ಹೋಗುವ ದೋಣಿ ಇದೆಯಲ್ಲ, ಮಂಗಳೂರಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇನ್ನು ಮುಂದೆ ಅದೇ. ಐದು ನಿಮಿಷದ ದಾರಿ. ಆದರೂ ಎಲ್ಲೋ ಪರದೇಶಕ್ಕೆ ಹೊರಟ ಗಾಂಭೀರ್ಯ. ದೋಣಿಯವನು "ಅಜ್ಜೀ, ಕೈ ಕೊಡಿ" ಎಂದಾಗ ಮಾಮಿ, "ನಾನು ಹೊರೆ ಹೊತ್ತು ಗದ್ದೆಯ ಬದುವಿನಲ್ಲಿ ನಡೆದವಳು ಮಾರಾಯ" ಎಂದು ಸೀರೆ ಎತ್ತಿ ಕಟ್ಟಿ ತಾವೇ ಹತ್ತಿದರು. ಕೈ ಹಿಡಿದುಕೊಳ್ಳಬೇಕಾದದ್ದು ನಾನು. ನಡುಹೊಳೆಯಲ್ಲಿ ಗಂಡನ ಫೋನು. "ನೀನು ನಿಜ ಹೇಳು. ಅಮ್ಮನಿಗೆ ಎಂತ ಆಗಿದೆ?" ಎಂದರು. ನಮ್ಮನ್ನು ಒಬ್ಬೊಬ್ಬರನ್ನಾಗಿ ಬೈಕಿನಲ್ಲಿ ಸ್ಟಾಪಿಗೆ ಬಿಟ್ಟವರೇ ಇವರು! "ಅಲ್ಲ, ಸಮುದ್ರಕ್ಕೆ ಅಂತ ನನಗೂ ಗೊತ್ತುಂಟು. ಆದ್ರೆ ನಮ್ಮ ಅಂಗಡಿಗೆ ಬಂದ ನಾಲ್ಕು ಜನ ಕೇಳಿದ ಮೇಲೆ ನನಗೂ ಡೌಟ್ ಬಂತು" ಎಂದರು. ಹೆಂಡತಿಯ ಮಾತಿಗಿಂತ ಗಿರಾಕಿಯ ಮಾತಿಗೆ ತೂಕ ಹೆಚ್ಚು ಎಂಬುದು ಅಂಗಡಿಯವರನ್ನು ಮದುವೆಯಾದ ಎಲ್ಲರಿಗೂ ಗೊತ್ತಿರುವ ಸಂಗತಿ.

ದಡದಿಂದ ಗಾಳಿಮರಗಳ ನಡುವೆ ಸ್ವಲ್ಪ ನಡೆದರೆ ಸಮುದ್ರ. ಮಾಮಿ ನೋಡಿದರು. ನಾನು ಅವರನ್ನು ನೋಡಿದೆ. ಮರಳಿನ ಮೇಲೆ ಎಕ್ಸ್‌ರೇ ಕವರು ಹಾಸಿ ಕೂತರು. ಎದ್ದು ನೀರಿನವರೆಗೆ ಹೋದರು. ತೆರೆ ಬಂದು ಪಾದ ಮುಚ್ಚಿದಾಗ "ಹೋ!" ಎಂದು ಯಾರೋ ಚಿರಪರಿಚಿತರನ್ನು ಗದರಿಸಿದ ಹಾಗೆ ಗದರಿಸಿದರು. ತುಂಬ ಹೊತ್ತಿನ ಮೇಲೆ, ನಾನು ತಂದುಕೊಟ್ಟ ಚರುಮುರಿಯ ಪೊಟ್ಟಣ ಕೈಯಲ್ಲಿ ಹಿಡಿದುಕೊಂಡು ಹೇಳಿದರು: "ನಿನ್ನ ಮಾವ ಯಾವುದನ್ನು ಹೇಳುವುದಿದ್ರೂ ಒಂದಕ್ಕೆ ನಾಲ್ಕು ಮಾಡಿ ಹೇಳ್ತಿದ್ರು. ಇದೊಂದನ್ನು ಮಾತ್ರ ಕಮ್ಮಿ ಹೇಳಿದ್ದಾರೆ." ನಾನು ಆಚೆ ತಿರುಗಿ ಫೋಟೋ ತೆಗೆಯುವ ನಟನೆ ಮಾಡಿದೆ. ಹೊಯಿಗೆ ಕಣ್ಣಿಗೆ ಬಿದ್ದರೆ ನೀರು ಬರುತ್ತದೆ, ಎಲ್ಲರಿಗೂ ಬರುತ್ತದೆ.

ಮಧ್ಯಾಹ್ನ ಮೀನೂಟಕ್ಕೆ ಕೂತೆವು. ಕಾಣೆ ಮೀನಿನ ಫ್ರೈ ಬಾಯಿಗಿಡುವ ಹೊತ್ತಿಗೆ ಮಸ್ಕತ್ತಿನಿಂದ ನಾದಿನಿಯ ವಿಡಿಯೋ ಕಾಲು. ಮುಖವೆಲ್ಲ ಕಣ್ಣೀರು. "ಅತ್ತಿಗೆ, ನನ್ನಿಂದ ಯಾಕೆ ಮುಚ್ಚಿಟ್ರಿ? ಅಯ್ಯೋ, ಅಮ್ಮ ಎಷ್ಟು ಸಪೂರ ಆಗಿದ್ದಾರೆ!" ಮಾಮಿ ಫೋನಿನ ಕಡೆ ತಲೆಯನ್ನೂ ಎತ್ತದೆ, "ಮುಳ್ಳು ತೆಗೆಯುವಾಗ ಮಾತಾಡಿಸಬೇಡ" ಎಂದರು. ಮಗಳ ಅಳು ಇನ್ನೂ ಜೋರಾಯಿತು. ಅಮ್ಮನಿಗೆ ಮಾತಾಡಲಿಕ್ಕೂ ಆಗುತ್ತಿಲ್ಲವೆಂದು ತಿಳಿದಳೇನೋ. ಎರಡು ಕಾಣೆ ಮುಗಿಸಿ "ಮಸಾಲೆ ಸಾಲದು" ಎಂದು ತೀರ್ಪು ಕೊಟ್ಟ ಮಾಮಿಯನ್ನು ಐಸ್‌ಕ್ರೀಮಿನ ಅಂಗಡಿಗೆ ಕರೆದುಕೊಂಡು ಹೋದೆ. ಗಡ್‌ಬಡ್ ಬಂತು. ಉದ್ದದ ಗಾಜಿನ ಲೋಟ, ಉದ್ದದ ಚಮಚ. ಮಾಮಿ ಬಾವಿ ತೋಡುವವರ ಏಕಾಗ್ರತೆಯಿಂದ ಇಳಿಯತೊಡಗಿದರು: "ಇಲ್ಲಿ ದ್ರಾಕ್ಷಿ ಉಂಟು... ಇದೆಂತ, ಜೆಲ್ಲಿಯಾ? ಅಡಿಯಲ್ಲಿ ಗೇರುಬೀಜವೂ ಉಂಟು ಮಾರಾಯ್ತಿ!" ಆಗ ನನ್ನ ಮುಖ್ಯೋಪಾಧ್ಯಾಯಿನಿಯ ಫೋನು. ಶಾಲೆ ಶುರುವಾದ ಮೇಲೂ ಎಷ್ಟು ದಿನ ರಜೆ ಬೇಕಾದರೂ ಹಾಕಿ ಎನ್ನುವ ಕರುಣೆ. ಸಾಕಾಯಿತು. ಈ ದಿನವನ್ನು ಯಾರಿಗೂ ಬಿಟ್ಟುಕೊಡುವವಳಲ್ಲ ನಾನು ಎಂದು ಫೋನನ್ನು ಸ್ವಿಚ್ ಆಫ್ ಮಾಡಿ ಚೀಲಕ್ಕೆ ತುರುಕಿದೆ. ಜಗತ್ತಿನಲ್ಲಿ ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ.

ಸಂಜೆ ಆರಕ್ಕೆ ಮನೆ ತಲುಪಿದಾಗ ಅಂಗಳದ ತುಂಬ ಚಪ್ಪಲಿ. ಒಳಗೆ ಮೂಸಂಬಿ, ಬ್ರೆಡ್ಡು, ಎರಡು ಗೊನೆ ಬೊಂಡ, ಎಂದರೆ ಎಳನೀರು. ನಫೀಸಕ್ಕ ರೋಗಿಗೆ ತಂಪೆಂದು ರಾಗಿ ಮಣ್ಣಿ ಕಾಯಿಸಿ ತಂದಿದ್ದರು. ಮಾಮಿಯ ತಂಗಿ, ನಾವೆಲ್ಲ ಮಾಣಿ ಮಾಮಿ ಎನ್ನುವ ಸರಸಕ್ಕ, ಮಾಣಿಯಿಂದ ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಮಾಮಿ ನಡೆದುಕೊಂಡೇ ಒಳಗೆ ಬಂದದ್ದನ್ನು ಕಂಡು ಎಲ್ಲರಿಗೂ ಸ್ವಲ್ಪ ನಿರಾಸೆಯಾದಂತೆ ನನಗೆ ಭಾಸವಾಯಿತು.

"ನಾವು ಸಮುದ್ರ ನೋಡ್ಲಿಕ್ಕೆ ಹೋದದ್ದು. ಬೇರೆ ಎಂತದೂ ಇಲ್ಲ" ಎಂದೆ. ಸಾಕ್ಷಿ ಬೇಕಲ್ಲ ಎಂದು ಫೋಟೋಗಳನ್ನೇ ತೋರಿಸಿದೆ: ದೋಣಿಯಲ್ಲಿ ನೆಟ್ಟಗೆ ಕೂತ ಮಾಮಿ, ನೀರಿನಲ್ಲಿ ನಿಂತ ಮಾಮಿ, ಗಡ್‌ಬಡ್ ಎದುರಿನ ಮಾಮಿ, ಹೊಯಿಗೆಯಲ್ಲಿ ಎಕ್ಸ್‌ರೇ ಕವರಿನ ಮೇಲೆ ಕೂತ ಮಾಮಿ. ಫೋನು ಕೈಯಿಂದ ಕೈಗೆ ಹೋಯಿತು. ಎಲ್ಲರೂ ಆ ಕವರನ್ನು ದೊಡ್ಡದು ಮಾಡಿ ನೋಡಿದರು. ಕೊನೆಗೆ ನಫೀಸಕ್ಕ ಕಣ್ಣೊರೆಸಿಕೊಂಡು, "ಡಾಕ್ಟ್ರೇ ಹೇಳಿರಬೇಕು ಪಾಪ, ಆಸೆ ಉಂಟಾದದ್ದನ್ನೆಲ್ಲ ತೋರಿಸಿಬಿಡಿ ಅಂತ" ಎಂದರು. ಬಾಗಿಲ ಬಳಿ ನಿಂತಿದ್ದ ನನ್ನ ಗಂಡನೂ ಮೂಗು ಒರೆಸಿಕೊಂಡರು.

ಬೆಳಗಿನಿಂದ ಯಾವುದಕ್ಕೂ ಬಗ್ಗದ ನನ್ನ ಹಟ ಅಲ್ಲಿ ಮುರಿಯಿತು. ನಿಜವನ್ನು ಹೇಳಿ ಹೇಳಿ ನಾಲಿಗೆ ಸೋತಿತ್ತು. "ಸ್ವಲ್ಪ ಗ್ಯಾಸ್ಟ್ರಿಕ್ ಅಂತೆ. ಮಾತ್ರೆ ಕೊಟ್ಟಿದ್ದಾರೆ, ಹೆದರ್ಲಿಕ್ಕೆ ಎಂತದೂ ಇಲ್ಲ" ಎಂದುಬಿಟ್ಟೆ. ಇಡೀ ಮನೆ ಉಸಿರು ಬಿಟ್ಟಿತು. "ಅಷ್ಟೇ ಅಲ್ವಾ! ಮೊದಲೇ ಹೇಳಬಾರದಾ ಟೀಚರೇ!" ಜೀರಿಗೆ ಕಷಾಯದ ವಿಧಾನ ಹೇಳಿ, ಬೊಂಡ ಕೆತ್ತಿಸಿ ತಾವೇ ಕುಡಿದು, ಅರ್ಧ ಗಂಟೆಯಲ್ಲಿ ಎಲ್ಲರೂ ಸಂತೋಷದಿಂದ ಹೊರಟರು. ಸತ್ಯವನ್ನೇ ನುಡಿಯಬೇಕೆಂದು ಇಪ್ಪತ್ತಾರು ವರ್ಷ ಹಲಗೆಯ ಮೇಲೆ ಬರೆದವಳ ಮೊದಲ ಸುಳ್ಳಿಗೆ ಪೂರ್ಣ ಅಂಕ ಬಂತು.

ಸಿಟ್ಟಾದದ್ದು ಮಾಮಿ ಒಬ್ಬರೇ. "ಇಷ್ಟು ಜನ ಕೆಲಸ ಬಿಟ್ಟು ಬಂದಿದ್ದಾರೆ. ಅವರಿಗೆ ಗ್ಯಾಸ್ಟ್ರಿಕ್ ಅಂತ ಹೇಳ್ಲಿಕ್ಕೆ ನಿನಗೆ ನಾಚಿಕೆ ಆಗ್ಲಿಲ್ವಾ? ಸ್ವಲ್ಪ ದೊಡ್ಡದು ಎಂತಾದರೂ ಹೇಳಬಾರದಾ!" ಎಂದು ಮಣ್ಣಿಯ ತಟ್ಟೆ ಹಿಡಿದು ಒಳಗೆ ಹೋದರು.

ಉಳಿದುಕೊಂಡದ್ದು ಮಾಣಿ ಮಾಮಿ ಮಾತ್ರ. ಅವರ ಕೈಯಲ್ಲಿ ನನ್ನ ಫೋನು ಇನ್ನೂ ಇತ್ತು. ಅಡುಗೆಮನೆಯ ಕಡೆ ಒಮ್ಮೆ ನೋಡಿ, ನನ್ನ ಹತ್ತಿರ ಸರಿದು, ಸಣ್ಣ ಧ್ವನಿಯಲ್ಲಿ, "ನನಗೂ ಸ್ವಲ್ಪ ಗ್ಯಾಸ್ಟ್ರಿಕ್ ಉಂಟು ಮಗಾ" ಎಂದರು.

"ಎಷ್ಟು ಸಮಯದಿಂದ?" ಎಂದೆ, ಥೇಟ್ ಡಾಕ್ಟರರ ಗತ್ತಿನಲ್ಲಿ.

"ಈ ದೋಣಿಯ ಫೋಟೋ ನೋಡಿದಲ್ಲಿಂದ" ಎಂದರು.