ಅತ್ತಿಗೆಯ ಪತ್ರಿಕೆಯೂ ನನ್ನ ಕೌದಿಯೂ

ನಮ್ಮ ಅತ್ತಿಗೆ ಹೊಸದುರ್ಗದಲ್ಲಿ ಬಾಗೂರಿನ ಬಸ್ ಹತ್ತಿ ಬಾಗೂರಿನಲ್ಲೇ ಇಳಿದದ್ದನ್ನು ಯಾರಾದರೂ ಕಂಡಿದ್ದರೆ ಹೇಳಿ, ನಾನು ಅರ್ಧ ಮೀಸೆ ಬೋಳಿಸಿಕೊಳ್ಳುತ್ತೇನೆ! ಪಕ್ಕದ ಸೀಟಿನ ಹೆಂಗಸಿನ ಮಡಿಲಲ್ಲಿ ಚಂದದ್ದೊಂದು ಬುಟ್ಟಿ ಕಂಡರೆ ಸಾಕು, ಆಕೆ ಇಳಿದಲ್ಲೇ ಇವರೂ ಇಳಿಯುತ್ತಾರೆ. ಒಂದು ಗಂಟೆ ಬಿಟ್ಟು ನನಗೆ ಫೋನು. "ಏನಪ್ಪ, ಬೈಕ್ ತಗಂಡು ಬಾ. ಇದ್ಯಾವೂರೋ ಗೊತ್ತಿಲ್ಲ. ಊರ ಮುಂದೆ ಒಂದು ಬೇವಿನ ಮರ ಐತೆ." ನೀವೇ ಹೇಳಿ, ನಮ್ಮ ತಾಲ್ಲೂಕಿನಲ್ಲಿ ಬೇವಿನ ಮರ ಇಲ್ಲದ ಊರು ಯಾವುದು?

ಅತ್ತಿಗೆ ಒಂದು ಪತ್ರಿಕೆ ನಡೆಸುತ್ತಾರೆ. ಕಾಗದದ್ದಲ್ಲ, ಮೊಬೈಲಿನಲ್ಲಿ ಓದುವಂಥದ್ದು. ಕೈಯಲ್ಲಿ ಕಲೆ ಇರುವ ಹೆಂಗಸರಿಗೆ ಮಾತ್ರ ಅದರಲ್ಲಿ ಜಾಗ. ಹಳೇ ಸೀರೆ ತುಂಡು ಜೋಡಿಸಿ ಕೌದಿ ಹೊಲಿಯುವವರು, ಉಣ್ಣೆ ನೂಲುವವರು, ಕುರಿ ಕಾಯುತ್ತಾ ಪದ ಕಟ್ಟುವವರು. ಜಾಹೀರಾತಿಲ್ಲ, ಯಾರ ಹಂಗೂ ಇಲ್ಲ. ಅದು ಶುರುವಾದದ್ದು ನನ್ನ ಗ್ರಹಚಾರಕ್ಕೆ. ತಾಲ್ಲೂಕು ಕಚೇರಿ ಎದುರು ನನ್ನದೊಂದು ಜೆರಾಕ್ಸ್ ಅಂಗಡಿ. ಒಂದು ದಿನ ಬಂದು ಸ್ಟೂಲ್ ಎಳೆದುಕೊಂಡು ಕೂತರು.

"ನಂಗೊಂದು ಆನ್‌ಲೈನ್ ಪತ್ರಿಕೆ ಮಾಡ್ಕೊಡು."

"ಅದೆಲ್ಲ ನಂಗೆ ಬರಲ್ಲ ಅತ್ತಿಗೆ."

"ಕಂಡೋರ ಪಹಣಿಯೆಲ್ಲ ತೆಗೆದುಕೊಡ್ತೀಯ, ಮನೇರಿಗೆ ಒಂದು ಪತ್ರಿಕೆ ಮಾಡಾಕೆ ಬರಲ್ವ?"

ಪಹಣಿಗೆ ಕಾದಿದ್ದ ರೈತರೆಲ್ಲ ಅವರ ಪರ ತಲೆಯಾಡಿಸಿದರು. ಹೇಗೋ ಮಾಡಿಕೊಟ್ಟೆ. ಅಂದಿನಿಂದ ಟೈಪಿಸ್ಟ್, ಫೋಟೋಗ್ರಾಫರ್, ಬೈಕ್ ಡ್ರೈವರ್ ಎಲ್ಲ ನಾನೇ. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಹೆಂಗಸರು ಮನೆಯಲ್ಲೇ ಸಿಗುತ್ತಾರೆ ಅಂತ ನಮ್ಮ ಸವಾರಿ ಸೋಮವಾರವೇ. ಎತ್ತಿಗಿರುವ ರಜೆ ನನಗಿಲ್ಲ.

ಆದರೆ ಯಾರನ್ನು ಕೇಳಿದರೂ "ಅಯ್ಯೋ, ನಂಗೇನ್ ಬರ್ತೈತವ್ವ" ಅಂತ ಬಾಗಿಲ ಹಿಂದಕ್ಕೆ ಸರಿಯುತ್ತಿದ್ದರು. ಅದಕ್ಕೆ ಅತ್ತಿಗೆ ಒಂದು ಉಪಾಯ ಹೂಡಿದರು. ನನ್ನ ಕೈಯಲ್ಲಿ ಒಂದು ಮೊಳ ಕೌದಿ ಹೊಲಿಸಿದರು. ಚೆನ್ನಾಗಿ ಬರಬಾರದು ಅಂತಲೇ ನನ್ನನ್ನು ಆರಿಸಿದ್ದು! ಈಗ ಯಾವ ಮನೆಗೆ ಹೋದರೂ ಮೊದಲು ಅದನ್ನು ಚೀಲದಿಂದ ತೆಗೆದು ಹಾಸುತ್ತಾರೆ. "ಇದು ಚೆನ್ನಾಗೈತೇನ್ರಿ?" ಅಷ್ಟೇ.

"ಯಾವ ಪುಣ್ಯಾತ್ಗಿತ್ತಿ ಹೊಲಿದ್ಲವ್ವ ಇದನ್ನ? ಕೊಡಿಲ್ಲಿ!"

ಕಿತ್ತುಕೊಂಡು, ದಾರ ಬಿಚ್ಚಿ, ಹೀಗಲ್ಲ ಹೀಗೆ ಅಂತ ತೋರಿಸುತ್ತಾ ತಮ್ಮ ಕಥೆಯನ್ನೆಲ್ಲ ಹೇಳಿಬಿಡುತ್ತಾರೆ. ಆ ಪುಣ್ಯಾತ್ಗಿತ್ತಿ ಪಕ್ಕದಲ್ಲೇ ಮೀಸೆ ಹೊತ್ತುಕೊಂಡು ಫೋಟೋ ತೆಗೆಯುತ್ತಿರುತ್ತಾಳೆ! ಮನೆಗೆ ಬಂದು ಅದನ್ನು ಮತ್ತೆ ಕೆಟ್ಟದಾಗಿ ಹೊಲಿದಿಡುವ ಕೆಲಸವೂ ನನ್ನದೇ. ಈಚೆಗೆ ಕೈ ಪಳಗಿ ಹೊಲಿಗೆ ನೆಟ್ಟಗಾಗುತ್ತಿದೆ ಅಂತ ಅತ್ತಿಗೆಗೆ ಭಾರಿ ಚಿಂತೆ.

ಅತ್ತಿಗೆಯದು ಇನ್ನೊಂದು ಹಟ. ಬರೆದದ್ದನ್ನು ಆ ಹೆಂಗಸಿನ ಎದುರೇ ಕೂತು ಓದಿ ಹೇಳಬೇಕು, ಆಕೆ ಹೂಂ ಅಂದರೆ ಮಾತ್ರ ಪತ್ರಿಕೆಗೆ. ಮಾಡದಕೆರೆ ಅನ್ನುವ ಊರಿನ ಅಜ್ಜಿಯೊಬ್ಬಳ ಹತ್ತಿರ ಈ ಹಟ ಬಂದು ಸಿಕ್ಕಿಕೊಂಡಿತು. ಆ ಊರಲ್ಲಿ ಹುಟ್ಟಿದ ಕೂಸುಗಳೆಲ್ಲ ಮಲಗಿದ್ದು ಆಕೆ ಹೊಲಿದ ಕೌದಿಯ ಮೇಲೆ. ಓದಿದ್ದನ್ನು ಪೂರ್ತಿ ಕೇಳಿ ಅಜ್ಜಿ ಅಂದಳು, "ಎಲ್ಲ ಸರಿ ಐತೆ. ನನ್ನೆಸ್ರು ತೆಗಿ. ಕಲ್ಸಿದ್ದು ನಮ್ಮತ್ತೆ."

"ನಿಮ್ಮತ್ತೆ ಹೆಸ್ರೂ ಹಾಕ್ತೀನಿ, ನಿಮ್ದೂ ಹಾಕ್ತೀನಿ ಅಜ್ಜಿ."

"ಬ್ಯಾಡ ಅಂದ್ರೆ ಬ್ಯಾಡ."

ಆ ವಾರ ಪತ್ರಿಕೆ ಬರಲೇ ಇಲ್ಲ. ಅತ್ತಿಗೆಗೆ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. "ಹೋಗ್ಲಿ, ಹೆಸರಿಲ್ದೆ ಹಾಕಾಣ" ಅಂದೆ. "ನಮ್ಮ ಎಮ್ಮೆಗೂ ಒಂದು ಹೆಸರೈತೆ ಕಣಪ್ಪ! ಆಯಮ್ಮನ ಹೆಸರು ಹಾಕಾಕೆ ಆಗ್ದಿದ್ರೆ ಈ ಪತ್ರಿಕೆ ಯಾಕೆ ಬೇಕು? ಮುಚ್ಚಿಬಿಡಾಣ" ಅಂದರು. ಅಂದವರು ಮುಚ್ಚಿಯೇ ಬಿಡುವವರು. ನನಗೆ ಹೆದರಿಕೆಯಾಯಿತು. ಅಷ್ಟೊತ್ತಿಗೆ ನನಗೂ ಆ ಪತ್ರಿಕೆಯ ಮೇಲೆ ಜೀವ ಕೂತುಬಿಟ್ಟಿತ್ತು.

ಮುಂದಿನ ಸೋಮವಾರ ಮತ್ತೆ ಹೋದೆವು. ಅತ್ತಿಗೆ ಮೊದಲಿಂದ ಕೊನೆವರೆಗೆ ಮತ್ತೆ ಓದಿದರು. ಅಜ್ಜಿ ಕಣ್ಣು ಮುಚ್ಚಿಕೊಂಡು ಕೇಳಿದಳು. ಮುಗಿದ ಮೇಲೆ, "ಚೆನ್ನಾಗಿ ಬರ್ದೀಯವ್ವ. ನಿನ್ನೆಸ್ರು ಎಲ್ಲೈತೆ? ಓದ್ಲೇ ಇಲ್ಲ?"

ಅತ್ತಿಗೆ ತಡವರಿಸಿದರು. "ನಂದ್ಯಾಕೆ ಬಿಡ್ರಿ ಅಜ್ಜಿ. ನೀವು ಹೇಳಿದ್ದನ್ನ ಬರ್ಕಂಡೆ, ಅಷ್ಟೆ."

"ನಾನೂ ನಮ್ಮತ್ತೆ ಹೇಳಿಕೊಟ್ಟಿದ್ದನ್ನ ಹೊಲ್ದೆ, ಅಷ್ಟೆ. ನಿಂದು ಹಾಕಿದ್ರೆ ನಂದೂ ಹಾಕು."

ನನಗೆ ನಾಚಿಕೆಯಾಯಿತು. ಅಷ್ಟೂ ಸಂಚಿಕೆ ಟೈಪ್ ಮಾಡಿದವನು ನಾನು. ಎಷ್ಟೊಂದು ಹೆಂಗಸರ ಹೆಸರನ್ನು ದಪ್ಪ ಅಕ್ಷರದಲ್ಲಿ ಕೂರಿಸಿದ್ದೆ. ಇವರ ಹೆಸರು ಎಲ್ಲೂ ಇಲ್ಲ ಅಂತ ಒಂದೇ ಮನೆಯಲ್ಲಿ ಉಂಡು ಮಲಗುವ ನನಗೆ ಒಂದು ದಿನವೂ ಹೊಳೆದಿರಲಿಲ್ಲವಲ್ಲ! ಫೋನ್ ತೆಗೆದೆ. "ಹೇಳ್ರಿ ಅತ್ತಿಗೆ, ಟೈಪ್ ಮಾಡ್ತೀನಿ."

ಅತ್ತಿಗೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಮೆಲ್ಲಗೆ ತಮ್ಮ ಹೆಸರು ಹೇಳಿದರು.

"ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳವ್ವ" ಅಂದಳು ಅಜ್ಜಿ.

ಅತ್ತಿಗೆ ಜೋರಾಗಿ ಹೇಳಿದರು.